ಅಣ್ಣನ ಕುರಿತೊಗಲಿನ ಜಾಕೆಟ್

ಅವ್ವ ಆ ಮಾತನ್ನು ನನಗೇ ಹೇಳಿದಳೆಂದು ಆಣೆಯಿಟ್ಟು ಹೇಳಲಾರೆ. ಎಲ್ಲವನ್ನೂ ಅನುಮಾನಿಸುವುದನ್ನು ವಿಶ್ವವಿದ್ಯಾಲಯದಲ್ಲಿ ಕಲಿತೆ. ಈಗ ಆ ಚಟ ನನ್ನ ನೆನಪನ್ನೂ ಬಿಡುವುದಿಲ್ಲ. ಅಣ್ಣ ಮಾತ್ರ ಅದು ತನಗೇ ಹೇಳಿದ್ದೆಂದು ಒಂದಿಷ್ಟೂ ಅಳುಕದೆ ಹೇಳುತ್ತಾನೆ. ಅವನ ಆ ಧೈರ್ಯದ ಮೇಲೂ ನನಗೆ ಹೊಟ್ಟೆಕಿಚ್ಚು.

ಜಾಕೆಟ್ ಅವನದು. ಗಜೇಂದ್ರಗಡದಲ್ಲಿ ಅವನ ಅಂಗಡಿ. ಚಳಿಯಲ್ಲೂ ನರೇಗಲ್ಲಿನ ಮನೆಯಿಂದ ಬೆಳಿಗ್ಗೆಯೇ ಬೈಕ್ ಹತ್ತಬೇಕು. ನರಗುಂದದ ಸಂತೆಯಲ್ಲಿ, ಯಾರೋ ತೊಟ್ಟು ಬಿಟ್ಟ ಹಳೆಯ ಸ್ವೆಟರುಗಳ ರಾಶಿಯಲ್ಲಿ ಅದು ಅವನಿಗೆ ಸಿಕ್ಕಿತು. ಹೊರಗೆ ಕಂದು ತೊಗಲು, ಒಳಗೂ ಕಾಲರಿಗೂ ದಟ್ಟ ಉಣ್ಣೆ. ಹಿಂದೆ ವಿಮಾನ ಹಾರಿಸುವವರು ತೊಡುತ್ತಿದ್ದಂಥದು. ತೊಗಲು ಒಣಗಿತ್ತು, ಉಣ್ಣೆ ಜಿಡ್ಡುಗಟ್ಟಿ ನಾರುತ್ತಿತ್ತು. ಆದರೂ ಇದು ನನ್ನ ಕಣ್ಣಿಗೇಕೆ ಬೀಳಲಿಲ್ಲ ಎಂದೇ ಮೊದಲು ಅನ್ನಿಸಿತು.

"ನೀರಾಗ ನೆನಿಸಬ್ಯಾಡೋ ಅಣ್ಣಾ," ಎಂದೆ. ಫೋನಿನಲ್ಲಿ ಓದಿಕೊಂಡಿದ್ದೆ.

ಅವ್ವ ನಕ್ಕಳು. "ಕುರಿದ ಹೌದಲ್ಲೋ? ಕುರಿ ಉಣ್ಣಿ ಅಂದ್ರ ಏನಂತ ನನಗ ಹೇಳ್ತಿ?"

ಜಕ್ಕಲಿಯ ತವರಿನಲ್ಲಿ ಹೊಸ ಕಂಬಳಿಗೆ ಹುಣಸೆ ಬೀಜದ ಗಂಜಿ ಹಚ್ಚುತ್ತಿದ್ದರು. ಅದರಿಂದ ಕಂಬಳಿ ಬಿರುಸಾಗುತ್ತದೆ, ಮಳೆಯನ್ನು ತಡೆಯುತ್ತದೆ. ಜಾಕೆಟ್ಟಿಗೂ ಅವಳು ಅದನ್ನೇ ಮಾಡಿದಳು. ಕಾಲು ಚಾಚಿ ಕೂತು, ಅದನ್ನು ತೊಡೆಯ ಮೇಲೆ ಹಾಕಿಕೊಂಡು, ಉಣ್ಣೆಯ ಬುಡಕ್ಕೆ ಬೆರಳು ಇಳಿಸಿ ತಿಕ್ಕುತ್ತಲೇ ಇದ್ದಳು. ನನ್ನ ಒಂದು ಅಂಗಿಯನ್ನಾದರೂ ಅವಳು ಅಷ್ಟು ಹೊತ್ತು ಕೈಯಲ್ಲಿ ಹಿಡಿದದ್ದು ನನಗೆ ನೆನಪಿಲ್ಲ.

ಮರುದಿನ ಉಣ್ಣೆ ಜೋಳದ ಕೂಳೆಯಂತೆ ಸೆಟೆದು ನಿಂತಿತ್ತು. ತೊಟ್ಟರೆ ಅಣ್ಣನ ಮೊಣಕೈ ಮಡಚಲಿಲ್ಲ.

"ಯವ್ವಾ, ಕುತ್ತಿಗಿಗೆ ಜಾಲಿಮುಳ್ಳ ಕಟ್ಟಿದಂಗ ಆಗೇತಿ!"

"ಒಂದ ಹನಿ ಮಳಿ ಒಳಗ ಬರೂದಿಲ್ಲ, ತಗೋ," ಎಂದಳು. ಆಮೇಲೆ ಅದನ್ನು ನನ್ನ ಮುಂದೆ ಒಗೆದಳು. "ಸಾಲಿ ಕಲತಾಂವ ನೀನು. ನೀನ ನೆಟ್ಟಗ ಮಾಡು."

ಮಾಡಿದೆ. ಬೆಚ್ಚಗಿನ ಒದ್ದೆ ಬಟ್ಟೆ ಒತ್ತಿ ಗಂಜಿಯನ್ನು ಮೆತ್ತಗೆ ಮಾಡಿ, ಅಗಲ ಹಲ್ಲಿನ ಹಣಿಗೆಯಿಂದ ಎಳೆ ಎಳೆ ಬಿಡಿಸಿದೆ. ಬಿಸಿಲಿಗೆ ತೊಗಲು ಬಿರಿಯುತ್ತದೆಂದು ನೆರಳಲ್ಲಿ ಒಣಗಿಸಿದೆ. ತೊಗಲಿಗೆ ಹಚ್ಚುವ ಕ್ರೀಮನ್ನು ಮೊದಲು ಕಾಣದ ಮೂಲೆಯಲ್ಲಿ ಹಚ್ಚಿ ನೋಡಿ, ಆಮೇಲೆ ತೆಳ್ಳಗೆ ಎಲ್ಲ ಕಡೆ ಸವರಿ ಒರೆಸಿದೆ. ತೋಳು ಮತ್ತೆ ಮಡಚಿತು. ಇಷ್ಟೆಲ್ಲ ಇನ್ನೊಬ್ಬನ ಮೈಗೆ ಎನ್ನುವುದು ಮಾತ್ರ ಒಳಗೇ ಉರಿಯುತ್ತಿತ್ತು.

ಸಂಜೆ ಅದನ್ನು ತೊಟ್ಟು ತಲಬಾಗಿಲಲ್ಲಿ ನಿಂತೆ. ಒಳಗೆ ಒಲೆಯ ಮುಂದೆ ಕೂತಿದ್ದ ಅವ್ವ, "ಭಾಳ ಚಲೋ ಒಪ್ಪೇತಿ ನೋಡಪಾ," ಎಂದಳು. ನನ್ನ ನೆನಪು ಹೀಗಿದೆ.

"ಏ ತಮ್ಮಾ, ಆಗ ನೀ ಹಿತ್ತಲದಾಗ ಕೈ ತೊಳ್ಕೊಳ್ಳಾಕ ಹೋಗಿದ್ದಿ," ಎನ್ನುತ್ತಾನೆ ಅಣ್ಣ. "ಬಾಗಲದಾಗ ನಿಂತಾಂವ ನಾನು."

ಕೈ ತೊಳೆದದ್ದೂ ನಿಜ. ಆ ಮಾತಿಗೆ ಮೊದಲೋ ಆಮೇಲೋ, ತಿಳಿಯದು.

ಆಮೇಲೊಮ್ಮೆ, ನಾನೀಗ ಇರುವ ರೋಣದಿಂದ ಬಂದು ಅವ್ವನನ್ನೇ ಕೇಳಿದೆ. "ಇದನ್ನ ಕೇಳಾಕ ರೋಣದಿಂದ ಬಂದಿಯೇನು? ಯಾರಿಗಿ ಅಂದೆನೋ ಏನೋ. ರೊಟ್ಟಿ ಆರತಾವು, ಉಣ್ಣ ಬಾ."

ಹೋದ ತಿಂಗಳು ಅದೇ ಸಂಜೆಯ ಹೊತ್ತಿಗೆ ಅಣ್ಣನಿಗೆ ಜಾಕೆಟ್ ತೊಡಿಸಿ ತಲಬಾಗಿಲಲ್ಲಿ ನಿಲ್ಲಿಸಿದೆ. ನಾನು ಒಲೆಯ ಮುಂದೆ, ಅವ್ವ ಕೂರುವ ಜಾಗದಲ್ಲಿ ಕೂತು ನೋಡಿದೆ. ಪಡುವಣದ ಬಾಗಿಲು, ಮುಳುಗುವ ಸೂರ್ಯ ಅವನ ಬೆನ್ನಿಗೆ. ಕಾಲರಿನ ಉಣ್ಣೆ ಸುತ್ತಲೂ ಬೆಳಗುತ್ತಿತ್ತು. ಅಲ್ಲಿಂದ ಮುಖ ಕಾಣುವುದಿಲ್ಲ.