ಮೇಡಂ ಪರೀಕ್ಷೆಗೆ ಕೂತ ದಿನ

೨೦೦೮ರ ಮಾತು. ಮದುವೆಯಾಗಿ ಧಾರವಾಡದಿಂದ ಗೋವಾದ ವಾಸ್ಕೋಗೆ ಬಂದಿದ್ದ ನಾನು, ಓದಿದ ಮನಶ್ಶಾಸ್ತ್ರ ತುಕ್ಕು ಹಿಡಿಯಬಾರದೆಂದು ಅಲ್ಲಿನ ಸಣ್ಣ ಸಂಸ್ಥೆಯೊಂದರಲ್ಲಿ ಮನೋಚಿಕಿತ್ಸೆಯ ತರಬೇತಿಗೆ ಸೇರಿದ್ದೆ. ನಮ್ಮ ಬಳಿ ಚಿಕಿತ್ಸೆಗೆ ಬಂದವರೊಡನೆ ಏನು ಮಾತಾಡಿದೆವು ಎಂದು ವಾರಕ್ಕೊಮ್ಮೆ ಸುಮಿತ್ರಾ ಮೇಡಂ ಎದುರು ಹೇಳಬೇಕಿತ್ತು. ಎಲ್ಲಿ ಎಡವಿದೆವು ಎಂದು ಅವರು ತೋರಿಸಿಕೊಡುತ್ತಿದ್ದರು. ಅವರು ಹುಬ್ಬಳ್ಳಿಯವರು. ವಾರವಿಡೀ ಕೊಂಕಣಿ, ಹಿಂದಿಯಲ್ಲಿ ಒದ್ದಾಡುತ್ತಿದ್ದ ನನಗೆ ಅವರು "ಬಾರವ್ವಾ" ಎಂದರೆ ಸಾಕು, ತವರಿಗೆ ಹೋದಷ್ಟು ಖುಷಿ.

ಆ ವರ್ಷ ಮೇಡಂಗೇ ಪರೀಕ್ಷೆ ಬಂತು. ಕಲಿಸುವವರಿಗೆ ಕಲಿಸಲು ಬರುತ್ತದೆಯೇ ಎಂದು ನೋಡಲು ಬೆಳಗಾವಿಯಿಂದ ಹಿರಿಯರೊಬ್ಬರು ಬರುವವರಿದ್ದರು. ನಾನು ಮೇಡಂ ಜೊತೆ ಮಾತಾಡುವಾಗ ಅವರು ಮೂಲೆಯಲ್ಲಿ ಕೂತು ಅಂಕ ಹಾಕುತ್ತಾರಂತೆ. ಪಾಸಾಗದಿದ್ದರೆ ಮೇಡಂ ಇನ್ನು ನಮಗೆ ಕಲಿಸುವಂತಿರಲಿಲ್ಲ. ಅವರ ಮಾನ ನನ್ನ ಕೈಯಲ್ಲಿದೆ ಎಂದುಕೊಂಡು, ಇದ್ದುದರಲ್ಲೇ ಚೆಂದದ ಕೇಸೊಂದನ್ನು ಆರಿಸಿ ಕನ್ನಡಿ ಮುಂದೆ ಉರು ಹೊಡೆದೆ.

ಅದು ವಾಸ್ಕೋ ಪಕ್ಕದ ಝುವಾರಿನಗರದಲ್ಲಿದ್ದ ವಿಜಾಪುರ ಕಡೆಯ ಹೆಣ್ಣುಮಗಳ ಕಥೆ. ಸಂಜೆಯಾದರೆ ಸಾಕು, ಆಕೆಗೆ ಅಳು ಬರುತ್ತಿತ್ತು.

"ಊರಿಗೆ ಕಳಸ್ರಿ ಅಂತ ಆಕಿ ಗಂಡಗ ಹೇಳೇನ್ರಿ. ಮುಂದಿನ ವಾರ ಹೊಂಟಾಳ್ರಿ" ಎಂದು ಪರೀಕ್ಷೆಯ ದಿನ ಮೇಡಂ ಎದುರು ಜಂಬದಿಂದ ಮುಗಿಸಿದೆ.

ಮೇಡಂ ತಲೆಯಾಡಿಸಲಿಲ್ಲ. "ಊರಿಗೆ ಹೋಗ್ತೀನಿ ಅಂತ ಆಕಿ ಅಂದ್ಲೇನು?"

"ಇಲ್ರಿ. ಇಲ್ಲೇ ನಾಕು ಮಂದಿ ಗುರ್ತ ಆದ್ರ ಸಾಕು ಅಂದ್ಲರಿ. ಆದ್ರ ತವರಮನಿ ಯಾರಿಗೆ ಬ್ಯಾಡ್ರಿ?"

"ಮತ್ತ, ಊರಿಗೆ ಹೋಗಬೇಕಾದಾಕಿ ಯಾರವ್ವಾ?"

ಉರು ಹೊಡೆದದ್ದೆಲ್ಲ ಮರೆತು, ಪರೀಕ್ಷಕರ ಎದುರಿಗೇ ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಮೇಡಂ ಸಮಾಧಾನ ಮಾಡಲಿಲ್ಲ. ನೀರಿನ ಲೋಟ ನನ್ನ ಕಡೆ ಸರಿಸಿ ಸುಮ್ಮನೆ ಕೂತರು. ಮುಗಿಯಿತು, ನನ್ನ ದೆಸೆಯಿಂದ ಇವರು ಫೇಲಾದರು ಎಂದುಕೊಂಡೆ.

ಅಳು ತಗ್ಗಿದ ಮೇಲೆ ಅವರು ಮೆಲ್ಲಗೆ, "ನಿನ್ನ ಊರಿನ ಮಾತು ಆಮ್ಯಾಲೆ ಆಡೂಣು. ಈಗ ಆಕಿ ಏನ್ ಕೇಳಾಕತ್ತಾಳ, ಅದನ್ನ ನೋಡೂಣು" ಎಂದರು.

ಕೊನೆಗೆ ಪರೀಕ್ಷಕರು ಎದ್ದು ನಿಂತು ಮೇಡಂಗೆ ಹೇಳಿದರು: "ಈಕಿನ್ನ ಅಳಾಕ ಬಿಟ್ರಿ, ಆದ್ರ ಝುವಾರಿನಗರದಾಕಿನ್ನ ಮರೀಲಿಲ್ಲ. ಭಾಳ ಚಲೋ ಆತ್ರಿ."

ಮೇಡಂ ಪಾಸಾದರು. ಸಂಸ್ಥೆಯಲ್ಲಿ ಎಲ್ಲರಿಗೂ ಪೇಢೆ ಹಂಚಿದ್ದು ನಾನೇ. ಆದರೆ ಅಷ್ಟು ಒಳ್ಳೆಯ ಅಂಕ ಬಂದದ್ದಕ್ಕೇ ಅವರಿಗೆ ಪುಣೆಯಿಂದ ಕೆಲಸಕ್ಕೆ ಕರೆ ಬಂತು. ಮಳೆಗಾಲ ಮುಗಿಯುವಷ್ಟರಲ್ಲಿ ಹೊರಟೇಹೋದರು. ಪಾಸಾಗಲಿ ಎಂದು ದೇವರಿಗೆ ಕೈಮುಗಿದವಳೇ, ಸ್ಟೇಷನ್ನಿನಲ್ಲಿ ನಿಂತು ಇದೇನು ಮಾಡಿದೆಯಪ್ಪಾ ಎಂದು ಅದೇ ದೇವರನ್ನು ಬೈದೆ.

ಈಗ ಅವರ ಜಾಗದಲ್ಲಿ ನಾನಿದ್ದೇನೆ. ಕಲಿಯುವ ಹುಡುಗಿಯರು ಬರುತ್ತಾರೆ, ಒಮ್ಮೊಮ್ಮೆ ಅಳುತ್ತಾರೆ, ನಾನು ಕಾಯುತ್ತೇನೆ. ಆದರೆ ನನಗೇ ದುಃಖ ಉಕ್ಕಿ ಬಂದಾಗ ಮೇಡಂ ಬೇಕು ಅನಿಸುತ್ತದೆ. ಫೋನು ಮಾಡಿದರೆ ಸಿಗುತ್ತಾರೆ, ಪ್ರೀತಿಯಿಂದಲೇ ಮಾತಾಡುತ್ತಾರೆ. ಆದರೆ ಫೋನಿನಲ್ಲಿ ಇಬ್ಬರೂ ತುಸು ಹೊತ್ತು ಸುಮ್ಮನಾದರೆ, ಲೈನು ಕಟ್ಟಾಯಿತೇನೋ ಎಂದು "ಹಲೋ, ಹಲೋ" ಎನ್ನತೊಡಗುತ್ತೇವೆ.