ಕೇಳಿ ಪಡೆದ ಪುಟಗಳು

ಬಳಗದ ಎಲ್ಲರಿಗೂ ನಮಸ್ಕಾರ. ಪಾಠ ಹೇಳುವುದನ್ನು ನನಗೆ ಕಲಿಸಿದ, ಈಗಲೂ ಇಲ್ಲಿ ನನ್ನ ಬರಹ ಓದಿ ತಪ್ಪು ತೋರಿಸುವ ಹಿರಿಯ ಮೇಷ್ಟ್ರುಗಳಿಗೆ ಮೊದಲ ವಂದನೆ.

ಈ ಬಾರಿ ನನ್ನ ತಪ್ಪು ತೋರಿಸಿದ್ದು ಹತ್ತನೇ ತರಗತಿಯ ಹುಡುಗಿ.

ದೊಡ್ಡಬಳ್ಳಾಪುರದ ಒಂದು ಪ್ರೌಢಶಾಲೆಗೆ ಶನಿವಾರಗಳಂದು ವಿಜ್ಞಾನ ಹೇಳಿಕೊಡಲು ಹೋಗುತ್ತೇನೆ. ಪರೀಕ್ಷೆ ಹತ್ತಿರವಾಗಿತ್ತು. ಚಿತ್ರ ಬಿಡಿಸುವ ಪ್ರಶ್ನೆ ಬಂದರೆ ಸಾಕು, ಮಕ್ಕಳು ಹೆದರುತ್ತಿದ್ದರು.

ನನ್ನ ಬಳಿ ಒಂದು ಹಳೆಯ ಅಭ್ಯಾಸ ಪುಸ್ತಕವಿತ್ತು. ನಿವೃತ್ತ ಶಿಕ್ಷಕಿಯೊಬ್ಬರು ತಾವೇ ಬರೆದು, ತಾವೇ ಅಚ್ಚು ಹಾಕಿಸಿದ್ದು. ಈಗ ಅಂಗಡಿಯಲ್ಲಿ ಸಿಗುವುದಿಲ್ಲ. ಅದರ ನಲವತ್ತು ಪುಟ ಜೆರಾಕ್ಸ್ ಮಾಡಿಸಿ, ಪುಸ್ತಕದಂತೆ ಹೊಲಿಸಿ, ತಾಲ್ಲೂಕಿನ ಹಲವು ಶಾಲೆಗಳಿಗೆ ಹಂಚುವ ಆಸೆ ನನ್ನದು.

ಪ್ರತಿ ಪುಟದ ಕೆಳಗೆ ಲೇಖಕಿಯ ಹೆಸರಿತ್ತು. ಪುಟ ಚೊಕ್ಕಟವಾಗಿ ಕಾಣಲೆಂದು ಅದರ ಮೇಲೆ ಬಿಳಿಯ ಚೀಟಿ ಇಟ್ಟು ಮಾದರಿ ಪ್ರತಿ ತೆಗೆಸಿದೆ. ನಮ್ಮಲ್ಲಿ ಅನೇಕರು ಹೀಗೇ ಮಾಡುತ್ತೇವೆ... ತಪ್ಪೆಂದು ಹೊಳೆಯುವುದೂ ಇಲ್ಲ.

ಆ ಪ್ರತಿಯನ್ನು ಮಕ್ಕಳ ಕೈಗೆ ಕೊಟ್ಟೆ. ಮೊದಲು ನೋಡಿದವಳು ಹರ್ಷಿತಾ. ಅವಳ ತಂದೆ ಮಗ್ಗ ನಡೆಸುವವರು, ಸೀರೆಯ ಅಂಚಿಗೆ ಹೊಸ ಡಿಸೈನ್ ಬರೆಯುವುದರಲ್ಲಿ ಹೆಸರಾದವರು.

"ಸಾರ್, ಇಲ್ಲಿ ಚೀಟಿದು ಗೆರೆ ಬಿದ್ದೈತೆ. ಏನ್ ಮುಚ್ಚಿದೀರಾ?"

"ಬರೆದವರ ಹೆಸರಮ್ಮ."

"ಅವ್ರನ್ನ ಕೇಳಿದ್ರಾ ಸಾರ್?"

ಪಾಠಕ್ಕಾಗಿ ನಕಲು ಮಾಡಲು ಶಿಕ್ಷಕರಿಗೆ ಕಾನೂನಿನಲ್ಲಿ ಅವಕಾಶವಿದೆ ಎಂದು ವಿವರಿಸಲು ಹೊರಟೆ. ಆದರೆ ನಾನು ಮಾಡುತ್ತಿದ್ದುದು ಒಂದು ತರಗತಿಯ ಪಾಠವಲ್ಲ, ಶಾಲೆ ಶಾಲೆಗೆ ಹಂಚುವ ಪುಸ್ತಕ. ಅದೂ ಬರೆದವರ ಹೆಸರು ಮರೆಮಾಡಿ.

"ನಮ್ಮಪ್ಪನ ಬಾರ್ಡರ್ ಡಿಸೈನ್ನ ಪಕ್ಕದ ಬೀದಿಯವ್ರು ಹಂಗೇ ತಗೊಂಡ್ಬಿಟ್ರು ಸಾರ್. ಬಂದು ಕೇಳಿದ್ರೆ ಕಾರ್ಡೇ ಕೊಡ್ತಿದ್ದೆ ಅಂತ ಅಪ್ಪ ಈಗ್ಲೂ ಬೇಜಾರ್ ಮಾಡ್ಕೊತಾರೆ."

ಡಿಸೈನನ್ನು ತೂತುಗಳಾಗಿ ಕೊರೆದು ಮಗ್ಗಕ್ಕೆ ಏರಿಸುವ ಕಾರ್ಡುಗಳವು. ಒಬ್ಬರ ಕಾರ್ಡು ಇನ್ನೊಬ್ಬರ ಮಗ್ಗ ಏರಬೇಕಾದರೆ ಮನೆಗೆ ಹೋಗಿ ಕೇಳುವುದು ಅವರ ಬೀದಿಯ ರೂಢಿ.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ತಡೆಯಲಾರದೆ ಅಂದಳು: "ಅವ್ರು ಬೇಡ ಅಂದ್ರೆ ಬುಕ್ಕೂ ಇಲ್ಲ, ಮಾರ್ಕ್ಸೂ ಇಲ್ಲ ಕಣೇ. ಬಂದ್ಬಿಟ್ಳು ಲಾಯರಮ್ಮ!"

ತರಗತಿ ನಕ್ಕಿತು. ಹರ್ಷಿತಾಳ ಮುಖ ಸಣ್ಣದಾಯಿತು. ಆದರೂ ಲೇಖಕಿಯ ಅನುಮತಿ ಕೇಳುವ ಕಾಗದ ತಾನೇ ಬರೆಯುತ್ತೇನೆಂದಳು.

ಬರೆದಳು. ಯಾವ ಪುಟಗಳು, ಎಷ್ಟು ಪ್ರತಿ, ಯಾವ ಶಾಲೆಗಳಿಗೆ, ಮಾರುವುದಿಲ್ಲ ಎಂಬ ಮಾತು... ಎಲ್ಲವೂ ಇತ್ತು. ಕೊನೆಗೊಂದು ಸಾಲು: ವಿದ್ಯುತ್ ಮಂಡಲದ ಚಿತ್ರದಲ್ಲಿ ಬಾಣದ ಗುರುತು ಉಲ್ಟಾ ಇದೆ.

ಅನುಮತಿ ಕೇಳುವ ಕಾಗದದಲ್ಲಿ ತಪ್ಪು ಹಿಡಿಯುವುದೇ? ತೆಗೆಸಬೇಕೆಂದುಕೊಂಡೆ. ಏಕೋ ಬಾಯಿ ಬರಲಿಲ್ಲ. ನನ್ನ ಫೋನ್ ನಂಬರ್ ಸೇರಿಸಿ, ಪುಸ್ತಕದಲ್ಲಿದ್ದ ವಿಳಾಸಕ್ಕೆ ಹಾಗೆಯೇ ಅಂಚೆಗೆ ಹಾಕಿದೆವು.

ಒಂದು ಶನಿವಾರ ಕಳೆಯಿತು. ಎರಡನೆಯದೂ ಕಳೆಯಿತು. ಪರೀಕ್ಷೆ ಹತ್ತಿರ ಬಂದಷ್ಟೂ ಹರ್ಷಿತಾಳ ಮಾತು ಕಡಿಮೆಯಾಯಿತು.

ಮೂರನೆಯ ಶನಿವಾರ, ಪಾಠದ ನಡುವೆಯೇ ನನ್ನ ಫೋನ್ ರಿಂಗಾಗುತ್ತದೆ. ಲೇಖಕಿ! ಸ್ಪೀಕರ್ ಹಾಕುತ್ತೇನೆ. ವಯಸ್ಸಾದ, ಆದರೆ ಸ್ಪಷ್ಟವಾದ ದನಿ.

"ಬಾಣ ನೋಡಿದ ಮಗು ಯಾವುದಪ್ಪಾ? ಎಷ್ಟು ವರ್ಷ ಆಯ್ತು, ಒಬ್ರೂ ಹೇಳಿರ್ಲಿಲ್ಲ. ತಿದ್ದಿ ಹಾಕ್ಕೊಳಿ. ನಲವತ್ತೇ ಪುಟ ಯಾಕೆ, ಇಡೀ ಪುಸ್ತಕ ತಗೊಳಿ. ಸಹಿ ಮಾಡಿ ಕಾಗದ ಕಳಿಸಿದೀನಿ. ನನ್ನ ಹೆಸರು ಇರ್ಲಿ, ಜೊತೆಗೆ ಆ ಮಗೂದೂ ಹಾಕಿ."

ಲಾಯರಮ್ಮ ಎಂದು ಛೇಡಿಸಿದವಳೇ ಎದ್ದು ಬಂದು ಹರ್ಷಿತಾಳ ಬೆನ್ನಿಗೊಂದು ಗುದ್ದಿದಳು. ಇಬ್ಬರೂ ನಗುತ್ತಿದ್ದರು, ಇಬ್ಬರ ಕಣ್ಣಲ್ಲೂ ನೀರು.

ನಾನು ಬೆರಗಾಗಿ ನಿಂತಿದ್ದೆ. ಆ ಪುಸ್ತಕವನ್ನು ಎಷ್ಟು ಸಲ ತೆರೆದಿದ್ದೇನೋ ಲೆಕ್ಕವಿಲ್ಲ. ಆ ಹೆಸರನ್ನಾಗಲೀ ಬಾಣವನ್ನಾಗಲೀ ನಾನು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ.

ಪುಸ್ತಕ ಈಗ ಎಲ್ಲ ಶಾಲೆಗಳನ್ನೂ ತಲುಪಿದೆ, ಎರಡು ಹೆಸರುಗಳೊಂದಿಗೆ.

ಮಕ್ಕಳು ಈಗ ಗಣಿತದ ಹಳೆಯ ಪುಸ್ತಕವೊಂದನ್ನು ಮೇಜಿನ ಮೇಲೆ ತಂದಿಟ್ಟಿದ್ದಾರೆ. ಮುಖಪುಟ ಹರಿದುಹೋಗಿದೆ, ಬರೆದವರು ಯಾರೆಂದು ತಿಳಿಯದು. ಒಂದು ಪುಟದ ಫೋಟೋ ಕೆಳಗಿದೆ. ಗುರುತು ಸಿಕ್ಕವರು ದಯವಿಟ್ಟು ತಿಳಿಸಿ, ಬರುವ ಶನಿವಾರವೇ ಕಾಗದ ಬರೆಯಲು ಶುರುಮಾಡೋಣ.