ಅಕ್ಕನ ಕೈಗುಣ

ನಮ್ಮನೆಯವರು ಕೆಟ್ಟವರಲ್ಲ, ಸೋಮಾರಿ. ಇದನ್ನು ಅವರೆದುರಿಗೇ ಹೇಳುತ್ತೇನೆ, ಬೆನ್ನ ಹಿಂದೆ ಆಡಿಕೊಳ್ಳುವ ಜಾಯಮಾನ ನನ್ನದಲ್ಲ. ನಮ್ಮ ಪುಟ್ಟ ಕಾಫಿ ಅಂಗಡಿಯಲ್ಲಿ ಮಿಷನ್ನುಗಳ ಉಸ್ತುವಾರಿ ಅವರದು, ಕಾಫಿ ಮಾಡುವ ಕೈ ಅವರ ಅಕ್ಕನದು. ವಾರಕ್ಕೊಮ್ಮೆ ಬೀಜ ಪುಡಿ ಮಾಡುವ ಗ್ರೈಂಡರ್ ಬಿಚ್ಚಿ ಉಜ್ಜಬೇಕು, ಬಾಯ್ಲರಿನೊಳಗೆ ಕಟ್ಟಿದ ಸುಣ್ಣ ತೆಗೆಯಬೇಕು. ಆಯ್ತಾ ಎಂದು ಕೇಳಿದರೆ "ಆಯ್ತು ಕಣೇ, ಪ್ರಾಣ ತಿನ್ಬೇಡ" ಎನ್ನುತ್ತಿದ್ದರು. ಹೊರಗಿನಿಂದ ಒಂದು ಬಟ್ಟೆ ಆಡಿಸಿದರೆ ಇವರ ಪಾಲಿಗೆ ಆಯಿತು.

ಕಾಫಿ ಕೆಟ್ಟಿತು. ಕಹಿ, ಜೊತೆಗೆ ಹಳೇ ಎಣ್ಣೆಯ ವಾಸನೆ. ದಿನಾ ಬರುವ ಟೈಲರ್ ಅರ್ಧ ಕಪ್ ಬಿಟ್ಟು ಎದ್ದುಹೋದಾಗ ಇವರ ನಾಲಿಗೆ ಸುಮ್ಮನಿರಲಿಲ್ಲ.

"ಅಕ್ಕಾ, ಯಾಕೋ ನಿನ್ನ ಕೈಗುಣಾನೇ ಹೋಗ್ಬಿಟ್ಟಿದೆ."

ಅಕ್ಕ ಜಗಳವಾಡಿದ್ದರೆ ಚೆನ್ನಾಗಿತ್ತು. ಆಡಲಿಲ್ಲ. ಕೈ ಒರೆಸಿಕೊಂಡು ಸಿಂಕಿನ ಹತ್ತಿರ ಹೋಗಿ ಕಪ್ ತೊಳೆಯಲು ನಿಂತರು. ಅಂದಿನಿಂದ ಅದೇ ಅವರ ಜಾಗ. ಕಾಫಿ ಮಾಡುವ ಕೆಲಸ ನನಗೆ ಬಂತು, ರುಚಿ ಸರಿಹೋಗದ್ದಕ್ಕೆ ನನಗಿನ್ನೂ ಕೈ ಪಳಗಿಲ್ಲ ಎಂದುಕೊಂಡೆ. ಮನೆಯಲ್ಲೂ ಅಡುಗೆಗೆ ಉಪ್ಪು ಹಾಕುವ ಹೊತ್ತಿಗೆ "ನೀನೇ ಹಾಕಮ್ಮ, ನನ್ನ ಕೈ ಸರಿ ಇಲ್ಲ" ಎನ್ನತೊಡಗಿದರು. ತಾಯಿ ಹೋದ ಮೇಲೆ ಈ ತಮ್ಮನಿಗೆ ತುತ್ತು ಕೊಟ್ಟು ಬೆಳೆಸಿದ ಕೈ ಅದು! ಏನು ಹೇಳಲಿ, ನಾನೂ ಅವರ ಕೈಯೇ ಕೆಟ್ಟಿತೆಂದು ನಂಬಿದ್ದೆ.

ಒಂದು ದಿನ ಅಕ್ಕ ಊಟಕ್ಕೆ ಮನೆಗೆ ಹೋಗಿದ್ದಾಗ ಗ್ರೈಂಡರ್ ಕಿರುಚಿ ನಿಂತೇಹೋಯಿತು. ಮೆಕ್ಯಾನಿಕ್ ಬಂದು ಬಿಚ್ಚಿದರೆ, ಹಳೇ ಪುಡಿ ಜಿಡ್ಡುಗಟ್ಟಿ ಮೇಣದ ಹಾಗೆ ಅಂಟಿಕೊಂಡಿತ್ತು.

"ಇದನ್ನ ಯಾವತ್ತಾದ್ರೂ ತೊಳ್ದಿದ್ರಾ ಸಾರ್?"

ಇವರ ಮುಖ ಬಿಳಿಚಿಕೊಂಡಿತು. ಎಲ್ಲ ಉಜ್ಜಿ, ಬ್ಲೇಡು ಬದಲಾಯಿಸಿದ ಮೇಲೆ ಇವರೇ ಕಾಫಿ ಮಾಡಿದರು. ಟೈಲರ್ ಕಪ್ ಖಾಲಿ ಮಾಡಿ, "ಪರವಾಗಿಲ್ವೇ! ನಿಮ್ಮ ಕೈಗುಣ ಚೆನ್ನಾಗಿದೆ" ಎಂದ. ಇವರಿಗೆ ತಲೆ ಎತ್ತಲಾಗಲಿಲ್ಲ.

ಅಕ್ಕ ವಾಪಸು ಬಂದು ಕಪ್ ತೊಳೆಯಲು ನಿಂತದ್ದೇ ತಡ, ಇವರು ಸಿಂಕಿನ ಹತ್ತಿರ ಹೋಗಿ ಅಕ್ಕನ ಒದ್ದೆ ಕೈ ಹಿಡಿದುಕೊಂಡರು.

"ತಪ್ಪು ನಂದಕ್ಕ. ನಾನು ಮಿಷನ್ ತೊಳೀತಾನೇ ಇರ್ಲಿಲ್ಲ, ಸುಳ್ಳು ಹೇಳ್ತಿದ್ದೆ. ನಿನ್ನ ಕೈಗೇನೂ ಆಗಿಲ್ಲ. ಬಾ, ನೀನೇ ಕಾಫಿ ಮಾಡು."

ಅಕ್ಕ ತಮ್ಮನ ಕೆನ್ನೆ ಸವರಿದರು.

"ಸುಮ್ನಿರೋ. ನಂಗೆ ಬೇಜಾರಾಗ್ಬಾರ್ದು ಅಂತ ಎಲ್ಲಾ ನಿನ್ನ ಮೇಲೆ ಹಾಕ್ಕೋತಿದೀಯ. ಅಷ್ಟೂ ಗೊತ್ತಾಗಲ್ವಾ ನಂಗೆ? ಚಿಕ್ಕಂದಿನಿಂದ್ಲೂ ನಿಂದು ಒಳ್ಳೇ ಮನಸ್ಸು ಕಣೋ."

ಕೈ ಬಿಡಿಸಿಕೊಂಡು, ಮುಂದಿನ ಕಪ್ ಎತ್ತಿಕೊಂಡು ತೊಳೆಯತೊಡಗಿದರು.